ಅರ್ಜಿದಾರ ಪತಂಗದ ಖಾಯಂ ವಿಳಾಸ

ಒಂದು ಒಗಟು ಹಾಕ್ತೀನಿ, ಬಿಡಸ್ರಿ. ಆರು ಕಾಲು, ನಾಲ್ಕು ರೆಕ್ಕಿ, ಬಾಯಿ ಇಲ್ಲ. ಬದುಕೋದು ಹತ್ತು ದಿನ, ಕೊಡೋದು ಹತ್ತು ವರ್ಷದ ವಾಸದ ದಾಖಲಿ. ಅದರ ಅಪ್ಪನ ಹೆಸರೇನು?

ಪತಂಗ ಅನಬ್ಯಾಡ್ರಿ. ಪತಂಗ ಅನ್ನೋದು ನನಗೂ ಗೊತ್ತದ. ಕೇಳಿದ್ದು ಅಪ್ಪನ ಹೆಸರು. ಗೊತ್ತಿಲ್ಲಂದ್ರ ನಾಚಿಕಿ ಬ್ಯಾಡ. ನಮೂನೆ ೭-ಪ, ಕಲಂ ನಾಲ್ಕರಾಗ ಇದೇ ಪ್ರಶ್ನೆ ಇತ್ತು. ಮಂಡಳಿಯ ಹದಿನೇಳು ಸದಸ್ಯರಾಗ ಒಬ್ಬರಿಗೂ ಉತ್ತರ ಬರಲಿಲ್ಲ. ಕಲಂ ತೆಗೀಬೇಕು ಅಂತಾನೂ ಒಬ್ಬರಿಗೂ ಅನಸಲಿಲ್ಲ.

ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ಸುತ್ತಮುತ್ತ ಹಾರಾಡುವ, ಇದುವರೆಗೆ ಯಾರೂ ಹೆಸರಿಡದ ಪತಂಗಗಳನ್ನು ಪತ್ತೆ ಹಚ್ಚಿ, ವರ್ಣಿಸಿ, ನಾಮಕರಣ ಮಾಡುವ ಸಲುವಾಗಿ ‘ಐದೂರು ಪತಂಗ ಪತ್ತೆ ಮಂಡಳಿ’ ಎಂಬುದು ಅಸ್ತಿತ್ವದಲ್ಲಿ ಇರುತ್ತದೆ. ಕಚೇರಿ ಸೇಡಂದಾಗ, ಫರಸಿ ಕಲ್ಲಿನ ಅಂಗಡಿಯ ಮ್ಯಾಲಿನ ಮಜಲಿ. ನಾಕು ವರ್ಷದಾಗ ಮಂಡಳಿ ಪತ್ತೆ ಹಚ್ಚಿದ ಪತಂಗಗಳ ಸಂಖ್ಯೆ ಸೊನ್ನೆ. ಆದರೆ ಮೊಹರು ತಯಾರಾಗಿತ್ತು. ಮೊಹರಿನೊಳಗ ಚಿಟ್ಟಿ ಚಿತ್ರ ಬಂದಿತ್ತು. ಇದು ಚಿಟ್ಟಿ ಅದರಿ, ಪತಂಗ ಅಲ್ಲ ಅಂತ ಯಾರೋ ತೋರಿಸಿದ್ದಕ್ಕ, ‘ಹಗಲಿನಲ್ಲಿ ಹಾರುವ ಪತಂಗವನ್ನು ಚಿಟ್ಟೆ ಎಂದು ಕರೆಯಲಾಗುತ್ತದೆ’ ಅಂತ ಸಭಾದಾಗ ಠರಾವು ಪಾಸಾಯ್ತು. ಸಂಜಿ ಆದಕೂಡಲೇ ಕಿಟಕಿ ಬಂದ್ ಮಾಡಿ, ಒಳಗ ಹುಳ ಬರದಂಗ ಔಷಧ ಹೊಡೆಯೋದು ಕಚೇರಿಯ ಪದ್ಧತಿ.

ನಿಯಮ ಮಾತ್ರ ಭಾಳ ಬಿಗಿ. ನಿಯಮ ೩: ಮಂಡಳಿಯ ಸಹಿಯಿಲ್ಲದೆ ಐದೂರಿನ ಯಾವುದೇ ಪತಂಗ ಹೊಸದಾಗತಕ್ಕದ್ದಲ್ಲ. ನಿಯಮ ೯: ಹೊಸ ಪತಂಗಕ್ಕೆ ಹಾಲಿ ಅಧ್ಯಕ್ಷರ ಹೆಸರಿಡತಕ್ಕದ್ದು, ಅಧ್ಯಕ್ಷರು ಬದಲಾದರೆ ಪತಂಗದ ಹೆಸರೂ ಬದಲಾಗತಕ್ಕದ್ದು. ನಿಯಮ ೧೧: ಪತಂಗದ ವರ್ಣನೆ ಎರಡು ಪುಟ ಮೀರಬಾರದು, ಅದರಲ್ಲಿ ಒಂದೂವರೆ ಪುಟ ಅಧ್ಯಕ್ಷರ ಪರಿಚಯಕ್ಕೆ ಮೀಸಲು. ನಿಯಮ ೧೪: ನಾಮಕರಣಗೊಂಡ ಪತಂಗದ ಖಾಯಂ ವಿಳಾಸವನ್ನು ಯಾರೂ ಕೆಡವತಕ್ಕದ್ದಲ್ಲ.

ಚಿಮ್ಮನಚೋಡದ ಸಾಲ್ಯಾಗ ವಿಜ್ಞಾನ ಕಲಿಸೋ ಅತಿಥಿ ಶಿಕ್ಷಕಿ ಶಿವರಂಜನಿ ಮೇಡಂ ಮಂಡಳಿಯ ಸದಸ್ಯರಲ್ಲ. ಹಂಗಾಗಿ ಅವರಿಗೆ ಪತಂಗದ ಬಗ್ಗೆ ಗೊತ್ತಿತ್ತು. ಮೂರು ಮಳಿಗಾಲ ಚಂದ್ರಂಪಳ್ಳಿ ಕೆರಿ ಏರಿ ಕೆಳಗ ಬಿಳಿ ಚಾದರ ಕಟ್ಟಿ, ಬಲ್ಬು ಹಚ್ಚಿ, ಬಂದು ಕುಂತದ್ದನ್ನೆಲ್ಲ ವಹಿಯೊಳಗ ಬರಕೊಂಡಿದ್ರು. ಅದರಾಗ ಒಂದು ಯಾವ ಪುಸ್ತಕದಾಗೂ ಸಿಗಲಿಲ್ಲ. ರೆಕ್ಕಿ ತೊಯ್ದ ಫರಸಿ ಕಲ್ಲಿನ ಬಣ್ಣ, ಅಂಚಿಗಿ ತುಕ್ಕು ಹಿಡಿದ ತಂತಿಯಂಥ ಒಂದು ಗೆರಿ. ದೂರದ ಊರಿನ ಒಬ್ಬ ಪಂಡಿತರಿಗೆ ಫೋಟೋ ಕಳಿಸಿದ್ರ, ಇದು ಹೊಸದೇ ಅದ, ವರ್ಣನೆ ಬರೀರಿ, ಮಂಡಳಿ ಸಹಿ ಹಾಕಿಸ್ರಿ ಅಂತ ಉತ್ತರ ಬಂತು.

ಮೇಡಂಗ ಅವಸರ ಇತ್ತು. ಈ ಪತಂಗದ ಹುಳ ದಿಂಡಿಗದ ಎಲಿ ಬಿಟ್ಟು ಬ್ಯಾರೆ ಏನೂ ತಿನ್ನೂದಿಲ್ಲ. ಅದೂ ಏರಿ ಕೆಳಗಿನ ಮೂವತ್ತೊಂದು ಗಿಡದಾಗ ಬಿಟ್ಟು ಬ್ಯಾರೆಲ್ಲೂ ಹುಳ ಸಿಕ್ಕಿಲ್ಲ. ಸರಿಯಾಗಿ ಆ ಮೂವತ್ತೊಂದು ಗಿಡ ನಿಂತ ಜಾಗದಾಗೇ ಮಂಡಳಿಯವರು ‘ಪತಂಗ ಭವನ’ ಕಟ್ಟೋದು ಗೊತ್ತು ಮಾಡಿದ್ರು. ಪತಂಗಗಳ ಸಲುವಾಗಿ ಒಂದು ಭವ್ಯ ಸಭಾಗೃಹ. ಸೆಪ್ಟೆಂಬರ್ ಹದಿನೇಳಕ್ಕ ಬೆಳಿಗ್ಗೆ ವಿಮೋಚನಾ ದಿನದ ಝಂಡಾ, ಅದರ ಬೆನ್ನಿಗೇ ಗಿಡ ಕಡಿಯೋದು, ಆಮ್ಯಾಲೆ ಪಾಯ. ಅದಕ್ಕಿಂತ ಮೊದಲ ಪತಂಗಕ್ಕ ಹೆಸರು ಬಂದ್ರ ನಿಯಮ ೧೪ರ ಪ್ರಕಾರ ಗಿಡ ಉಳೀತಾವ. ಬರಲಿಲ್ಲಂದ್ರ ಗಿಡ ಹೋಗ್ತಾವ, ಗಿಡದ ಜೋಡಿ ಹುಳ, ಹುಳದ ಜೋಡಿ ಪತಂಗ.

ಮೇಡಂ ಜುಲೈದಾಗ ಕಚೇರಿಗಿ ಬಂದ್ರು. ನಾನು ಅಲ್ಲೇ ಇದ್ದೆ. ಎಸ್ಸೆಸ್ಸೆಲ್ಸಿ ಎರಡು ಸಲ ಕುಂತು, ಮೂರನೇದ್ದು ಬಾಕಿ ಇಟ್ಟುಕೊಂಡವ ನಾ. ಕಚೇರಿ ಕೆಳಗ, ಫರಸಿ ಅಂಗಡಿ ಬಾಜೂಕ, ಅಲ್ಮಾಸ್ ಅಕ್ಕನ ಕಂಪ್ಯೂಟರ್ ಸೆಂಟರಿನೊಳಗ ಮಂದಿಗಿ ಅರ್ಜಿ ಬರಕೊಡ್ತೀನಿ. ಗಣಿತ ಬರೂದಿಲ್ಲ. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ’ ಅನ್ನೋದು ಮಾತ್ರ ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಬರೀತೀನಿ.

ಅಧೀಕ್ಷಕ ರೇವಣಸಿದ್ದಯ್ಯನೋರು ಡಬ್ಬಿಯೊಳಗಿನ ಪತಂಗ ನೋಡಿ, ಕುರ್ಚಿ ಒಂದು ಗೇಣು ಹಿಂದಕ ಸರಿಸಿದ್ರು.

“ಕುಂದ್ರಿ ಮೇಡಂ. ಇದು ನಮ್ಮ ಕಡಿದೇ ಅಂತ ಹ್ಯಾಂಗ ನಂಬೂದ್ರಿ?”

“ಅಲ್ಲೇ ಹುಟ್ಟತದ, ಅಲ್ಲೇ ಸಾಯತದ ಸರ್. ಬ್ಯಾರೆ ಎಲ್ಲೂ ಕಂಡಿಲ್ಲ.”

“ಹಂಗಂತ ಎಲ್ಲಾರೂ ಅಂತಾರ್ರಿ. ಮೊನ್ನೆ ತಾಂಡೂರದವ ಒಬ್ಬ ಬಂದು, ನಾ ಹುಟ್ಟಾ ಸೇಡಂದವ ಅಂತ ಆಣಿ ಮಾಡಿದ. ಚಂದ್ರಂಪಳ್ಳಿಂದ ತೆಲಂಗಾಣ ಎಷ್ಟು ದೂರ ಅದ? ಇದಕ ರೆಕ್ಕಿ ಬ್ಯಾರೆ ಅವ. ರಾತ್ರಿ ಹಾರಿ ಬಂದು ಇಲ್ಲಿ ಸೌಲತ್ತು ತಗೊಂಡು, ಮುಂಜಾನಿ ಹೋದ್ರ ನಾ ಯಾರಿಗಿ ಜವಾಬು ಕೊಡ್ಲಿ?”

“ಯಾವ ಸೌಲತ್ತು ಸರ್?”

“ಹೆಸರು ಬೇಕಂತದಲ್ರಿ. ಅದು ಸಣ್ಣ ಸೌಲತ್ತಾ?”

ನಮ್ಮ ಕಡೆ ನೌಕರಿಗಿ, ಕಾಲೇಜಿಗಿ ಹತ್ತು ವರ್ಷ ಇಲ್ಲೇ ವಾಸ ಇದ್ದದ್ದಕ್ಕ ಪ್ರಮಾಣ ಪತ್ರ ಕೇಳೋದು ಎಲ್ಲರಿಗೂ ಗೊತ್ತದ. ಇಲ್ಲಿ ಮಂದೀದು ಹೊರಗಿನವರ ಪಾಲಾಗಬಾರದು ಅಂತ ಮಾಡಿದ್ದು. ಮಂಡಳಿಯವರು ಅದನ್ನ ನೋಡಿ, ನಾವೇನು ಕಡಿಮಿ ಅಂತ, ಪತಂಗಕ್ಕೂ ಒಂದು ನಮೂನೆ ಅಚ್ಚು ಹಾಕಿಸಿದ್ರು. ಅದೇ ೭-ಪ.

ಮೇಡಂ ಆ ನಮೂನೆ ಹಿಡಕೊಂಡು ಕೆಳಗ ಬಂದು, ಬೆಂಚಿನ ಮ್ಯಾಲೆ ಕುಂತು, ಒಂದೊಂದೇ ಕಲಂ ಬೆರಳು ಇಟ್ಟು ಓದಿದ್ರು. ನಾ ಅಂದೆ, “ಕೊಡ್ರಿ ಮೇಡಂ, ನಾ ತುಂಬತೀನಿ. ಎಂಥೆಂಥಾ ಮಂದೀದು ತುಂಬೀನಿ.”

ಚೇಷ್ಟಿಗೇ ತುಂಬಿದೆ. ಹೆಸರು: ಇಲ್ಲ, ಅದಕ್ಕಾಗಿಯೇ ಅರ್ಜಿ. ತಂದೆಯ ಹೆಸರು: ತಿಳಿದಿಲ್ಲ, ಸದರಿ ಸಮಯದಲ್ಲಿ ಕತ್ತಲಿತ್ತು. ಮಾತೃಭಾಷೆ: ಬಾಯಿ ಇರುವುದಿಲ್ಲ. ಉದ್ಯೋಗ: ಬಲ್ಬು ಸುತ್ತುವುದು. ತಾತ್ಕಾಲಿಕ ವಿಳಾಸ: ಡಬ್ಬಿ. ಖಾಯಂ ವಿಳಾಸ: ದಿಂಡಿಗದ ಮೂವತ್ತೊಂದು ಗಿಡ, ಏರಿ ಕೆಳಗ, ಚಂದ್ರಂಪಳ್ಳಿ.

ಅಲ್ಮಾಸ್ ಅಕ್ಕ ಪ್ರಿಂಟು ತೆಗಕೋತ ಅಂದ್ಲು, “ಬೀರಲಿಂಗ, ಇದನ್ನ ಒಯ್ದು ಕೊಟ್ಟಿ ಅಂದ್ರ ನಿನ್ನನ್ನ ಮ್ಯಾಲಿನ ಮಜಲಿಂದ ಒಗೀತಾರ. ಕೆಳಗ ಫರಸಿ ಅದ, ಹಾದಿ ನೋಡಿ ಬೀಳು.”

ಒಗೀಲಿಲ್ಲ. ರೇವಣಸಿದ್ದಯ್ಯನೋರು ಕನ್ನಡಕ ಏರಿಸಿ, ಮೊದಲಿಂದ ಕಡೀತನ ಓದಿದ್ರು. ಎರಡು ಸಲ ಓದಿದ್ರು. ಆಮ್ಯಾಲೆ ಅಂದ್ರು, “ಅರ್ಜಿ ನೀಟ ಅದ. ಆದ್ರ ಫೋಟೋದಾಗ ಎರಡೂ ಕಿವಿ ಕಾಣವಲ್ವು.”

ಮೇಡಂ ಅಂದ್ರು, “ಇದರ ಕಿವಿ ಎದೀ ಬಾಜೂಕ ಇರ್ತಾವ ಸರ್.”

“ಹಂಗಿದ್ರ ಅಂಗವಿಕಲರ ಕಲಂದಾಗ ಒಂದು ಟಿಕ್ ಹಾಕ್ರಿ.”

ಅವತ್ತಿಂದ ನಾ ಮಂಡಳಿಗಿ ಚೇಷ್ಟಿ ಮಾಡೋದು ಬಿಟ್ಟೆ. ಅವರು ನನಗಿಂತ ಮುಂದಿದ್ರು.

ಅರ್ಜಿ ಸಭೆಗಿ ಹೋಯ್ತು. ಅಧ್ಯಕ್ಷರು ರಘುವೀರರಾಯರು. ಅವರಿಗೆ ಪತಂಗ ಕಂಡ್ರ ಭಾಳ ಗೌರವ; ಅದರ ಮ್ಯಾಲೆ ತಮ್ಮ ಹೆಸರು ಬರೂದಿತ್ತಲ್ಲ. ತಕರಾರು ಒಂದೇ ಇತ್ತು: ಹತ್ತು ದಿನ ಬದುಕೋ ಅರ್ಜಿದಾರ ಹತ್ತು ವರ್ಷದ ವಾಸ ಹ್ಯಾಂಗ ತೋರಸ್ತಾನ?

“ಅವರಪ್ಪ ಇದ್ನಲ್ಲ, ಅವರಪ್ಪನ ಅಪ್ಪ ಇದ್ನಲ್ಲ,” ಅಂದ್ರು ರಾಯರು. “ಎಲ್ಲಾರದೂ ಕೂಡಸ್ರಿ. ಹತ್ತು ಹತ್ತು ದಿನ ಕೂಡಸಕೋತ ಹೋಗ್ರಿ.”

ಮೇಡಂ ಎದ್ದು ನಿಂತು ಹೇಳಿದ್ರು, “ವರ್ಷಕ್ಕ ಎರಡೇ ತಲಿಮಾರು ಸರ್. ಉಳಿದ ತಿಂಗಳು ಗೂಡು ಕಟ್ಟಿಕೊಂಡು ತೊಗಟ್ಯಾಗ ಮಲಗಿರತದ.”

ರಾಯರು ವಿಚಾರ ಮಾಡಿದ್ರು. “ಮಲಗಿದ್ದು ವಾಸದಾಗ ಬರ್ತದೇನ್ರಿ?”

ರೇವಣಸಿದ್ದಯ್ಯನೋರು ಸಭಾದ ಕಡೆ ಒಮ್ಮೆ ನೋಡಿದ್ರು. ಹದಿನೇಳರಾಗ ಒಂಬತ್ತು ಮಂದಿಯ ಗದ್ದ ಎದಿಗಿ ಹತ್ತಿತ್ತು. “ಬರ್ತದ್ರಿ,” ಅಂದ್ರು. “ಬರೂದಿಲ್ಲ ಅಂದ್ರ ಈ ಸಭಾದ ಕೋರಂ ಹೋಗತದ.”

ಹಂಗಾಗಿ ಇಪ್ಪತ್ತು ತಲಿಮಾರಿನ ವಂಶಾವಳಿ ಹಚ್ಚಬೇಕು, ಮತ್ತು ಅರ್ಜಿದಾರರು ಖುದ್ದು ಹಾಜರಾಗಿ, ಜೀವಂತ ಇದ್ದುಕೊಂಡು, ಸಹಿ ಮಾಡಬೇಕು ಅಂತ ತೀರ್ಮಾನ ಆಯ್ತು. ವಂಶಾವಳಿ ನಾ ಬರದೆ. ಇಪ್ಪತ್ತೂ ಸಾಲಿನಾಗ ‘ಸದರಿಯವರ ತಂದೆ, ಸದರಿಯವರು’ ಅಂತ ಬರದೆ. ಅಕ್ಷರ ಚೆಂದ ಅವ ಅಂತ ಹೊಗಳಿದ್ರು.

ಮೇಡಂ ಒಂದು ಜೀವಂತ ಹೆಣ್ಣು ಪತಂಗ ತಂದ್ರು. ಸೋಮವಾರ ಮೊಹರಿನ ಮಸಿ ಆರಿತ್ತು. ಮಂಗಳವಾರ ಮಸಿ ಬಂತು, ಅಧೀಕ್ಷಕರು ಬರಲಿಲ್ಲ. ಬುಧವಾರ ಇಬ್ಬರೂ ಇದ್ರು, ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದ ಹೊತ್ತಿನಾಗ ಪತಂಗದ ಹೇಳಿಕೆ ತಗೊಳ್ಳೋದು ಕ್ರಮ ಅಲ್ಲ ಅಂತ ಆಯ್ತು. ಗುರುವಾರ, ಬಂದ ಕಾಗದ ಹೋದ ಕಾಗದ ಬರಕೊಳ್ಳೋ ಆವಕ ಜಾವಕದ ಕಾರಕೂನ ಮುಬೀನ ಅದನ್ನ ಕಡತದ ಹಾಳಿ ಮ್ಯಾಲೆ ಬಿಟ್ಟು, “ಸಹಿ ಮಾಡವ್ವಾ” ಅಂದ. ಅದು ಹಾಳಿ ಮ್ಯಾಲೆ ಒಂದು ತಾಸು ಓಡಾಡಿ, ಸಾಲಾಗಿ ತತ್ತಿ ಇಟ್ಟು, ನಾಲ್ಕು ಗಂಟೆಗಿ ತೀರಿಕೊಂತು.

ರೇವಣಸಿದ್ದಯ್ಯನೋರು ಟಿಪ್ಪಣಿ ಬರದ್ರು: ‘ಅರ್ಜಿದಾರರು ಅರವತ್ತೆರಡು ಕಡೆ ಸಹಿ ಮಾಡಿ ಮೃತಪಟ್ಟಿರುತ್ತಾರೆ. ವಾರಸುದಾರರ ಬರುವಿಕೆಯನ್ನು ಕಾಯಲಾಗಿದೆ.’

ಮೇಡಂ ಅಂದ್ರು, “ಸರ್, ಆ ಹಾಳಿ ಕೊಡ್ರಿ. ತತ್ತಿ ಒಡದ್ರ ಹುಳಕ್ಕ ಎಲಿ ಬೇಕು. ಇಲ್ಲಂದ್ರ ಒಂದೇ ದಿನಕ್ಕ ಸಾಯ್ತಾವ.”

“ಕಡತದಾಗಿನ ಹಾಳಿ ಹೊರಗ ಒಯ್ಯಾಕ ಬರೂದಿಲ್ರಿ.”

“ಹಂಗಾದ್ರ ಎಲಿ ಒಳಗ ತರ್ಲೇನು?”

“ಆವಕ ಮಾಡಿಸಿ ತರ್ರಿ.”

ಎಂಟು ದಿನಕ್ಕ ಎರಡನೇ ನಂಬರಿನ ಕಪಾಟಿನೊಳಗ, ಕಡತದ ಮ್ಯಾಲೆ, ಕೂದಲಂಥ ಹುಳ ಹರದಾಡಾಕತ್ತಿದ್ವು. ದಿನಾ ನಸುಕಿನಾಗ ಮೇಡಂ ಚಂದ್ರಂಪಳ್ಳಿಗಿ ಹೋಗಿ, ಎಲಿ ಹರದು, ಹಸಿ ಅರಿವ್ಯಾಗ ಸುತ್ತಿ, ಚಿಂಚೋಳಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು, ಆಮ್ಯಾಲೆ ಸಾಲಿಗಿ ಹೋಗೋರು. ಬಸ್ಸು ಸೇಡಂಕ್ಕ ಬಂದ ಮ್ಯಾಲೆ ಗಂಟು ಮುಬೀನನ ಮೇಜಿನ ಮ್ಯಾಲೆ. ಅವ ಒಂದೊಂದು ಎಲಿಗೂ ಮೊಹರು ಒತ್ತಿ, ಆವಕ ಸಂಖ್ಯೆ ಬರೆದು, ಕಪಾಟಿನೊಳಗ ಇಡತಿದ್ದ. ಹುಳ ಮೊಹರು ಬಿಟ್ಟು ಸುತ್ತಲಿನದ್ದು ತಿಂತಿದ್ವು. ಸಂಜಿಕ ಮೊಹರಷ್ಟೇ ಉಳೀತಿತ್ತು, ದುಂಡಗ, ಚಿಟ್ಟಿ ಚಿತ್ರ ಇದ್ದದ್ದು. ಹಿಕ್ಕಿ ಜಾವಕದಾಗ ಬರದು ಹೊರಗ ಒಗೀತಿದ್ರು.

ಹುಳದ ಕೂದಲಿಗಿ ಕಚೇರಿ ಮಂದಿಗೆಲ್ಲ ಮೈ ತುರಿಕಿ ಹತ್ತಿತು. ಬರೋ ಮಂದಿ ಎದುರು ಅಧೀಕ್ಷಕರು ಒಂದು ಕೈಲೆ ಬರಕೋತ, ಒಂದು ಕೈಲೆ ಕೆರಕೋತ ಕುಂತಿರೋರು. ಆದ್ರ ಹುಳ ಹೊರಗ ಒಗೀರಿ ಅಂತ ಒಬ್ಬರೂ ಅನಲಿಲ್ಲ. ಕಡತದಾಗ ಇದ್ದದ್ದಕ್ಕ ಕೆರಕೋಬೇಕು ಅನ್ನೋದು ಅವರ ನಂಬಿಕಿ.

ಅರವತ್ತೆರಡರಾಗ ಹನ್ನೊಂದು ಉಳದ್ವು. ಶನಿವಾರ, ಭಾನುವಾರ ಆವಕ ಇರಲಿಲ್ಲ, ಅದಕ್ಕ. ಹನ್ನೊಂದೂ ಗೂಡು ಕಟ್ಟಿದ್ವು. ಸೆಪ್ಟೆಂಬರ್ ಹತ್ತಕ್ಕ ಮುಂಜಾನಿ ಕಪಾಟು ತೆಗೆದ್ರ, ‘ವಿಷಯ’ ಅಂತ ಬರೆದ ಸಾಲಿನ ಮ್ಯಾಲೆ ಒಂದು ಪತಂಗ ರೆಕ್ಕಿ ಆರಸಕೋತ ಕುಂತಿತ್ತು. ತೊಯ್ದ ಫರಸಿ ಬಣ್ಣ. ಅಂಚಿಗಿ ತುಕ್ಕಿನ ಗೆರಿ.

ಮಂಡಳಿಯೊಳಗ ಅವತ್ತು ಪೇಡೆ ಹಂಚಿದ್ರು. ರಾಯರು ಪತ್ರಿಕಾ ಪ್ರಕಟಣೆ ನನ್ನ ಕೈಲೇ ಬರಸಿದ್ರು: ‘ಮಂಡಳಿಯ ನಾಲ್ಕು ವರ್ಷಗಳ ಅವಿರತ ಶ್ರಮದ ಫಲವಾಗಿ ಹೊಸ ಪ್ರಭೇದದ ಪತಂಗವೊಂದು ಪತ್ತೆಯಾಗಿರುತ್ತದೆ. ಪತ್ತೆ ಹಚ್ಚಿದವರು: ಶ್ರೀ ರೇವಣಸಿದ್ದಯ್ಯ, ಅಧೀಕ್ಷಕರು. ಪತ್ತೆಯಾದ ಸ್ಥಳ: ಕಪಾಟು ಸಂಖ್ಯೆ ೨. ಹೆಸರು: ರಘುವೀರ ಪತಂಗ.’

ಮೇಡಂ ಸಾಲಿ ರಜಾ ಹಾಕಿ ಓಡಿ ಬಂದ್ರು. ಪ್ರಕಟಣೆ ನಾನೇ ಓದಿ ಹೇಳಿದೆ. ಅವರ ಮೂರು ವರ್ಷದ ವಹಿ ಕಂಕುಳಾಗ ಇತ್ತು. ತೆಗೀಲಿಲ್ಲ.

“ನನ್ನ ಹೆಸರು ಬ್ಯಾಡ ಸರ್,” ಅಂದ್ರು. “ಕಪಾಟಿನಾಗ ಸಿಕ್ತು ಅಂತ ಬೇಕಾದ್ರ ಬರಕೋರಿ. ಪ್ರಮಾಣ ಪತ್ರದಾಗ ಖಾಯಂ ವಿಳಾಸ ಅಷ್ಟು, ಬೀರಲಿಂಗ ಬರದಂಗೇ ಇರ್ಲಿ. ಮೂವತ್ತೊಂದು ಗಿಡ.”

ರೇವಣಸಿದ್ದಯ್ಯನೋರು ಕೆರಕೊಳ್ಳೋದು ನಿಲ್ಲಿಸಿ ಅವರ ಮುಖ ನೋಡಿದ್ರು. ಇಷ್ಟು ಸಸ್ತಾಕ್ಕ ಬಿಟ್ಟು ಹೋಗೋರು ಕಚೇರಿಗಿ ಇನ್ನೂ ತನ ಬಂದಿರಲಿಲ್ಲ. “ಅದಕ್ಕೇನದರಿ ಮೇಡಂ. ವಿಳಾಸ ತಾನೇ. ಇರ್ಲಿ,” ಅಂದ್ರು.

ಪ್ರಮಾಣ ಪತ್ರ ಹದಿನಾರಕ್ಕ ಸಂಜಿಕ ತಯಾರಾಯ್ತು. ಖಾಯಂ ವಿಳಾಸ: ದಿಂಡಿಗದ ಮೂವತ್ತೊಂದು ಗಿಡ. ನಾ ಕಣ್ಣಾರೆ ನೋಡೀನಿ.

ಹದಿನೇಳಕ್ಕ ಚಂದ್ರಂಪಳ್ಳಿಯಾಗ ಶಾಮಿಯಾನಾ. ಝಂಡಾ ಏರಿಸಿ, ಸಾಲಿ ಹುಡುಗರ ಹಾಡು ಮುಗಿಸಿ, ರಾಯರು ಪ್ರಮಾಣ ಪತ್ರ ಎತ್ತಿ ಹಿಡಿದು ಮಂದಿಗಿ ತೋರಿಸಿದ್ರು. ಗಿಡದ ಬುಡಕ್ಕ ಮಷೀನ್ ಗರಗಸ ಹಿಡಿದ ನಾಲ್ಕು ಮಂದಿ ತಯಾರು ನಿಂತಿದ್ರು. ಶಿವರಂಜನಿ ಮೇಡಂ ಮೊದಲನೇ ಗಿಡಕ್ಕ ಬೆನ್ನು ಹಚ್ಚಿ ನಿಂತಿದ್ರು. ಮಷೀನು ಶುರು ಆಗೋದಕ್ಕೂ, ರೇವಣಸಿದ್ದಯ್ಯನೋರು ಕೈ ಅಡ್ಡ ಹಿಡಿಯೋದಕ್ಕೂ ಸರಿ ಆಯ್ತು.

“ತಡೀರಿ,” ಅಂದ್ರು. “ನಿಯಮ ೧೪.”

“ಏನದ ಅದು?” ಅಂದ್ರು ರಾಯರು.

“ನಾವೇ ಮಾಡಿದ್ದದ ಸಾಹೇಬ್ರೆ. ಹೆಸರು ಬಂದ ಪತಂಗದ ಖಾಯಂ ವಿಳಾಸ ಕೆಡವಾಕ ಬರೂದಿಲ್ಲ. ವಿಳಾಸ ಬದಲ್ ಮಾಡೂದಂದ್ರ ಹೊಸಾ ಅರ್ಜಿ, ಹೊಸಾ ವಂಶಾವಳಿ, ಮತ್ತ ಅರವತ್ತೆರಡು ಸಹಿ, ಮತ್ತ ಆ ಹುಳ. ನನ್ನ ಕಡಿಂದ ಆಗೂದಿಲ್ಲ.” ಹಂಗಂದು ಅಂಗಿ ತೋಳು ಏರಿಸಿ, ಮೊಣಕೈತನ ಎದ್ದ ತುರಿಕಿ ಗಾದರಿ ತೋರಿಸಿದ್ರು.

ಅದನ್ನ ನೋಡಿದ ಮ್ಯಾಲೆ ಹದಿನೇಳು ಸದಸ್ಯರೂ, ನಿದ್ದಿಯವರು ಎದ್ದು, ಗಿಡ ಕಡಿಯೂದು ಬ್ಯಾಡ ಅಂತ ಕೈ ಎತ್ತಿದ್ರು. ಪಾಯದ ಕಲ್ಲು ತಂದ ಟ್ರ್ಯಾಕ್ಟರಿನಾಗೇ ವಾಪಸ್ ಹೋಯ್ತು. ಮೇಡಂ ಗಿಡಕ್ಕ ಬೆನ್ನು ಹಚ್ಚಿಕೊಂಡೇ ಕೆಳಗ ಕುಂತು, ನೀರು ಕೇಳಿ ಕುಡದ್ರು. ಮಂದಿ ಚಪ್ಪಾಳಿ ಹೊಡದ್ರು.

ಖುಷಿ ಆದವರು ಇಲ್ಲಿಗಿ ಎದ್ದು ಹೋಗ್ರಿ. ರೇವಣಸಿದ್ದಯ್ಯನೋರು ಕೈ ಅಡ್ಡ ಹಿಡಿದರು ಅನ್ನೋದರಿಂದ ಇಲ್ಲೀತನ ನಾ ಕಟ್ಟಿದ್ದು. ಖರೇ ಏನಂದ್ರ, ಅವರು ಅವತ್ತು ಕೈ ಹಾಕಿದ್ದು ಅಂಗಿ ಕಿಸೆಕ್ಕ, ತೆಗದದ್ದು ವೈಟ್ನರ್. ವಿಳಾಸದ ಮ್ಯಾಲೆ ಒಂದು ಸಲ ಎಳದು, ಉಫ್ ಅಂತ ಊದಿ, ಆರಿದ ಮ್ಯಾಲೆ ‘ಪತಂಗ ಭವನ, ಚಂದ್ರಂಪಳ್ಳಿ’ ಅಂತ ಬರದ್ರು. ಮೇಡಂನ್ನ ಇಬ್ಬರು ಹೆಣ್ಣಮಕ್ಕಳು ರಟ್ಟಿ ಹಿಡಿದು ಬಾಜೂಕ ಕರಕೊಂಡು ಹೋದ್ರು. ಹನ್ನೆರಡು ಗಂಟೆಯೊಳಗ ಮೂವತ್ತೊಂದೂ ನೆಲಕ್ಕ ಬಿದ್ದಿದ್ವು. ಈಗ ನಿಯಮ ೧೪ರ ಪ್ರಕಾರ ಭವನವನ್ನ ಯಾರೂ ಕೆಡವಂಗಿಲ್ಲ.

ನಾ ಕಟ್ಟಿದ ಕೊನೆಯನ್ನ ಚೇಷ್ಟಿಗಿ ಒಂದು ಪ್ರತಿ ಮಂಡಳಿಗಿ ಟಪಾಲು ಹಾಕಿದ್ದೆ. ಆವಕ ಮಾಡಿಕೊಂಡು, ಸಭಾದ ಮುಂದಿಟ್ಟು, ಒಪ್ಪಿ, ವಾರ್ಷಿಕ ವರದಿಯ ಹನ್ನೆರಡನೇ ಪುಟದಾಗ ಇದ್ದಂಗೇ ಅಚ್ಚು ಹಾಕ್ಯಾರ. ಕೆಳಗ ‘ಮಂಡಳಿ ಉಳಿಸಿದ ಗಿಡಗಳು: ಮೂವತ್ತೊಂದು’ ಅಂತ ಅದ. ಅದು ನಾ ಕಟ್ಟಿದ್ದು, ಸುಳ್ಳದ ಅಂತ ಸೇಡಂದಾಗ ಕಂಡಕಂಡವರಿಗಿ ಹೇಳಾಕತ್ತೀನಿ. ಯಾರೂ ನಂಬವಲ್ರು. ಸಹಿ ಅದ, ಮೊಹರು ಅದ ಅಂತಾರ.